ಮೂವತ್ತಕ್ಕೆ ಮೂವತ್ತು

ಬಾರ್ಬಡೋಸ್ ಎಂದರೆ ನಮಗೆ ಮೊದಲು ನೆನಪಾಗುವುದು ಕ್ರಿಕೆಟ್. ವೊರೆಲ್, ವೀಕ್ಸ್, ವಾಲ್ಕಾಟ್, ಸೋಬರ್ಸ್ ಹುಟ್ಟಿದ ನೆಲ. 2024ರ ಜೂನ್‌ನಲ್ಲಿ ಅಲ್ಲಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ಟಿ20 ವಿಶ್ವಕಪ್ ಎತ್ತಿ ಹಿಡಿದು ಕೂಗಿದ್ದನ್ನು ಯಾರು ಮರೆತಾರು! ನನಗೆ ಮಾತ್ರ ಆ ದ್ವೀಪದ ಇನ್ನೊಂದು ಸ್ಕೋರು ಕಾಡುತ್ತದೆ: 30-0.

ಸುಮಾರು 430 ಚದರ ಕಿಲೋಮೀಟರಿನ ದೇಶ, ಜನ ಮೂರು ಲಕ್ಷಕ್ಕೂ ಕಡಿಮೆ. 2018ರ ಮೇ 24ರ ಚುನಾವಣೆಯಲ್ಲಿ ಮಿಯಾ ಮಾಟ್ಲಿಯವರ ಲೇಬರ್ ಪಕ್ಷ ಮೂವತ್ತಕ್ಕೆ ಮೂವತ್ತೂ ಸ್ಥಾನ ಗೆದ್ದಿತು. ಮಾಟ್ಲಿ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಹಿಂದಿನ ಪ್ರಧಾನಿ ಫ್ರಾಯಿಂಡಲ್ ಸ್ಟುವರ್ಟ್ ತಮ್ಮ ಕ್ಷೇತ್ರವನ್ನೂ ಉಳಿಸಿಕೊಳ್ಳಲಿಲ್ಲ. ಜನ ಸುಮ್ಮಸುಮ್ಮನೆ ಸಿಟ್ಟಾಗಿರಲಿಲ್ಲ. ಸಾಲ ಕುತ್ತಿಗೆಗೆ ಬಂದಿತ್ತು, ಪ್ರವಾಸಿಗರನ್ನೇ ನಂಬಿದ ದಕ್ಷಿಣ ಕರಾವಳಿಯ ರಸ್ತೆಗಳಲ್ಲಿ ಚರಂಡಿ ನೀರು ಹರಿಯುತ್ತಿತ್ತು.

ಸರಿ, ಸೋತವರು ಸೋಲಲಿ. ಆದರೆ ಸೋತ ಡೆಮಾಕ್ರಟಿಕ್ ಲೇಬರ್ ಪಕ್ಷಕ್ಕೂ ಐದರಲ್ಲಿ ಒಬ್ಬರಾದರೂ ಮತ ಹಾಕಿದ್ದರಲ್ಲ, ಅವರ ಪರ ಸದನದಲ್ಲಿ ಕೇಳುವವರು ಯಾರು? ಪ್ರತಿ ಕ್ಷೇತ್ರದಲ್ಲೂ ಹೆಚ್ಚು ಮತ ಬಂದವನೇ ಗೆದ್ದ ಎನ್ನುವ ಈ ಲೆಕ್ಕ ನಮಗೂ ಅವರಿಗೂ ಬ್ರಿಟಿಷರು ಬಿಟ್ಟುಹೋದದ್ದು. ದೆಹಲಿಯ ಓದುಗರಿಗೆ 2015 ನೆನಪಿರಬೇಕು: ನೂರಕ್ಕೆ 32 ಮತ ಪಡೆದ ಬಿಜೆಪಿಗೆ ಎಪ್ಪತ್ತರಲ್ಲಿ ಸಿಕ್ಕಿದ್ದು ಮೂರೇ ಸ್ಥಾನ. ಸಿಕ್ಕಿಂನಲ್ಲಂತೂ 1989ರಲ್ಲೂ 2009ರಲ್ಲೂ ಒಂದೇ ಪಕ್ಷಕ್ಕೆ ಮೂವತ್ತೆರಡಕ್ಕೆ ಮೂವತ್ತೆರಡು!

ಬಾರ್ಬಡೋಸಿನ ತೊಡಕು ಇನ್ನೂ ವಿಚಿತ್ರ. ಅಲ್ಲಿನ ಸಂವಿಧಾನದ ಪ್ರಕಾರ 21 ಮಂದಿಯ ಮೇಲ್ಮನೆಗೆ ಇಬ್ಬರನ್ನು ಹೆಸರಿಸಬೇಕಾದವರು ವಿರೋಧ ಪಕ್ಷದ ನಾಯಕರು. ನಾಯಕರಾಗಲು ವಿರೋಧ ಪಕ್ಷದಲ್ಲಿ ಒಬ್ಬರಾದರೂ ಗೆದ್ದಿರಬೇಕಲ್ಲ! ಸುಮಾರು ಒಂದು ವಾರದಲ್ಲಿ ಗೆದ್ದ ಮೂವತ್ತರಲ್ಲೇ ಒಬ್ಬರು, ಧರ್ಮಗುರುವೂ ಆಗಿದ್ದ ಜೋಸೆಫ್ ಆಥರ್ಲಿ, ಎದುರು ಸಾಲಿಗೆ ಹೋಗಿ ಕುಳಿತರು. ನಮ್ಮಲ್ಲಿ ಮಂತ್ರಿಯಾಗಲು ಪಕ್ಷ ಬಿಡುತ್ತಾರೆ. ಇಲ್ಲೊಬ್ಬರು ವಿರೋಧಿಸಲು ಬಿಟ್ಟರು. ಅವರ ಮನಸ್ಸಿನಲ್ಲಿ ಏನಿತ್ತೋ, ಖಾಲಿ ಕುರ್ಚಿಯಂತೂ ತುಂಬಿತು.

2021ರ ನವೆಂಬರ್ 30ರಂದು ದೇಶ ಬ್ರಿಟನ್ ರಾಣಿಯ ಕೈಬಿಟ್ಟು ಗಣರಾಜ್ಯವಾಯಿತು. ಅವಧಿಗೆ ಮುನ್ನವೇ ಮಾಟ್ಲಿ ಚುನಾವಣೆ ಕರೆದರು. 2022ರ ಜನವರಿ 19ರಂದು ಮತ್ತೆ ಮೂವತ್ತಕ್ಕೆ ಮೂವತ್ತು. ಆಥರ್ಲಿಯೂ ಸೋತರು. ಮೇಲ್ಮನೆ ಪೂರ್ತಿ ತುಂಬದೆ ಸಭೆ ಸೇರಿದ್ದು ಸರಿಯೇ ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತು.

ಈ ಸಲ ಸದನದಲ್ಲಿ ವಿರೋಧ ಪಕ್ಷದ ನಾಯಕ ಕಾಣಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. 2024ರ ಫೆಬ್ರುವರಿಯಲ್ಲಿ ರಾಲ್ಫ್ ಥಾರ್ನ್ ಆ ಕುರ್ಚಿಗೆ ಬಂದರು. ಅವರೂ ಗೆದ್ದಿದ್ದು ಆಡಳಿತ ಪಕ್ಷದಿಂದಲೇ.