ಬೋರ್ಡು ಕೊಟ್ಟವರು, ಬೋರ್ಡು ಇಳಿಸಹೊರಟವರು

ರಾಣೆಬೆನ್ನೂರಿನ ಆಸುಪಾಸಿನ ಬೀಜೋತ್ಪಾದನೆಯ ಹೊಲಗಳಲ್ಲಿ ಸಂಜೆ ಹೊತ್ತು ಹೆಣ್ಣುಮಕ್ಕಳು ಹತ್ತಿ ಗಿಡದ ಸಾಲಿನಲ್ಲಿ ಬಗ್ಗಿ ನಿಂತಿರುತ್ತಾರೆ. ನಾಳೆ ಅರಳುವ ಮೊಗ್ಗು ಯಾವುದೆಂದು ಅವರ ಬೆರಳಿಗೇ ಗೊತ್ತು. ಹೆಬ್ಬೆರಳ ಉಗುರಿನಿಂದ ಎಸಳು ಸುಲಿದು, ಒಳಗಿನ ಗಂಡು ಭಾಗವನ್ನು ಕಿತ್ತು, ನಡುವಿನ ಎಳೆಯೊಂದನ್ನೇ ಉಳಿಸುತ್ತಾರೆ. ಬೆಳಿಗ್ಗೆ ಮತ್ತೆ ಬಂದು, ಬೇರೆ ಸಾಲಿನಿಂದ ತಂದ ಗಂಡು ಹೂವನ್ನು ಅದಕ್ಕೆ ಸವರಿ, ತೊಟ್ಟಿಗೊಂದು ದಾರ ಕಟ್ಟುತ್ತಾರೆ. ಈ ಕೆಲಸಕ್ಕೆ ಅಲ್ಲಿ ಎಲ್ಲರೂ 'ಕ್ರಾಸಿಂಗ್' ಎನ್ನುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಬಾಯಲ್ಲೂ ಅದೇ ಮಾತು.

ಈ ಕಸುಬು ಮಳೆಯ ಜೊತೆ ಉದುರಿದ್ದಲ್ಲ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಾತರಕಿ ಅವರು ಹತ್ತಿಯ ಎರಡು ಬೇರೆ ಜಾತಿಗಳನ್ನು ಕೂಡಿಸಿ 1972ರಲ್ಲಿ 'ವರಲಕ್ಷ್ಮಿ' ಎಂಬ ಹೈಬ್ರಿಡ್ ತಳಿ ಕೊಟ್ಟರು. 1981ರಲ್ಲಿ ಡಿಸಿಎಚ್-32 ಬಂತು. ರೈತರು ಅದನ್ನು 'ಜಯಲಕ್ಷ್ಮಿ' ಎಂದು ಕರೆದರು. ಉದ್ದ ಎಳೆಯ ಹತ್ತಿ ಬೇಕೆಂದರೆ ಈಜಿಪ್ಟ್, ಸುಡಾನ್‌ಗಳ ಕಡೆ ಮುಖ ಮಾಡುತ್ತಿದ್ದ ದೇಶಕ್ಕೆ ಅದು ನಮ್ಮ ಕರಿಮಣ್ಣಿನಲ್ಲೇ ಸಿಕ್ಕಿತು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಮಾಡಲೇಬೇಕು, ಅದನ್ನು ಮಾಡಲು ಕೈಗಳು ಬೇಕು. ಆ ಕೈಗಳ ಸುತ್ತ ಬೀಜದ ವ್ಯಾಪಾರ, ಗೋದಾಮು, ಸಾಗಣೆ, ಸಾಲ ಎಲ್ಲ ಬೆಳೆದವು. ಆಮೇಲೆ, 2002ರ ನಂತರ, ಬಿಟಿ ಹತ್ತಿ ಬಂದು ಮಾರುಕಟ್ಟೆ ಖಾಸಗಿ ಕಂಪನಿಗಳ ಕೈಗೆ ಹೋಯಿತು. ಆದರೆ ಆ ಕಂಪನಿಗಳಿಗೂ ಬೇಕಾದದ್ದು ಕ್ರಾಸಿಂಗ್ ಪಳಗಿದ ಇದೇ ಕೈಗಳು. ಸರ್ಕಾರದ ಸಂಬಳ ತೆಗೆದುಕೊಂಡ ಒಬ್ಬ ಸಂಶೋಧಕ ಒಂದು ಸೀಮೆಯ ಹೊಟ್ಟೆಪಾಡನ್ನೇ ಬದಲಾಯಿಸಿದ ಕತೆ ಇದು. ಅವರ ಪ್ರಯೋಗಶಾಲೆ 'ಲಾಭದಲ್ಲಿದೆಯೇ' ಎಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಏನಿರುತ್ತಿತ್ತು?

ಈಗ ಆ ರಾಣೆಬೆನ್ನೂರು ಸೇರಿದ ಹಾವೇರಿ ಜಿಲ್ಲೆಯ ವಿಶ್ವವಿದ್ಯಾಲಯಕ್ಕೆ ಅದೇ ಪ್ರಶ್ನೆ ಬಂದಿದೆ. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಹಿಂದಿನ ಸರ್ಕಾರ ಹುಟ್ಟುಹಾಕಿದ್ದ ಹತ್ತರಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಿ ಮಾತೃ ವಿವಿಗಳಿಗೆ ಸೇರಿಸುವುದೇ ಲೇಸು ಎಂದಿತು. ಹಾವೇರಿ, ಕೊಡಗು, ಕೊಪ್ಪಳ, ಹಾಸನ, ಚಾಮರಾಜನಗರ, ಬಾಗಲಕೋಟೆ, ಮಂಡ್ಯ ಆ ಪಟ್ಟಿಯಲ್ಲಿದ್ದವು. ಕಾರಣ: ದುಡ್ಡಿಲ್ಲ, ಜಾಗವಿಲ್ಲ, ವಿದ್ಯಾರ್ಥಿಗಳು ಕಡಿಮೆ. ಬೀದಿಯಲ್ಲಿ ಪ್ರತಿಭಟನೆ ಆಯಿತು, ಸದನದಲ್ಲಿ ಗದ್ದಲ ಆಯಿತು. ಶಿಫಾರಸಿನ ಗತಿ ಏನೇ ಆಗಲಿ, ಅದರ ಹಿಂದಿನ ಲೆಕ್ಕಾಚಾರ ಎಲ್ಲಿಗೂ ಹೋಗಿಲ್ಲ.

ಮೊದಲು ಹಿಂದಿನವರ ಲೆಕ್ಕ ಚುಕ್ತಾ ಮಾಡೋಣ. 2022ರಲ್ಲಿ ಕಾನೂನು ತಿದ್ದಿ ಒಂದೇ ಏಟಿಗೆ ಏಳು ಜಿಲ್ಲೆಗಳಿಗೆ ವಿಶ್ವವಿದ್ಯಾಲಯ ಘೋಷಿಸಿದಾಗ ಅಲ್ಲಿ ನಡೆದದ್ದು ಬಹುಮಟ್ಟಿಗೆ ಬೋರ್ಡು ಬದಲಾವಣೆ. ಕೊಡಗಿನ ಚಿಕ್ಕಅಳುವಾರದಲ್ಲಿ ಮಂಗಳೂರು ವಿವಿಯ 'ಜ್ಞಾನ ಕಾವೇರಿ' ಆವರಣ ಇತ್ತು, ಹಾಸನದಲ್ಲಿ ಮೈಸೂರು ವಿವಿಯ 'ಹೇಮಗಂಗೋತ್ರಿ' ಇತ್ತು, ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಿ ಕರ್ನಾಟಕ ವಿವಿಯ ಸ್ನಾತಕೋತ್ತರ ಕೇಂದ್ರ ಇತ್ತು. ಹಳೇ ಗೋಡೆಗೆ ಹೊಸ ಹೆಸರು ಬರೆದು, ಕುಲಪತಿಯನ್ನು ಕೂರಿಸಿ, ಚುನಾವಣೆಗೆ ಮುಂಚೆ ಟೇಪು ಕತ್ತರಿಸಿದರು. ಹೊಸ ಕಟ್ಟಡ, ಹೊಸ ಹುದ್ದೆ ಎಂದರೆ ಬೊಕ್ಕಸದತ್ತ ನೋಡಬೇಡಿ ಎಂಬ ಧಾಟಿ ಮೊದಲ ದಿನದಿಂದಲೇ ಇತ್ತು. ಮದುವೆ ಮಾಡಿಸಿ ಮನೆಯಿಂದ ಹೊರಗೆ ಹಾಕುವುದಕ್ಕೆ ಔದಾರ್ಯ ಎಂದು ಹೆಸರಿಡಲು ನನಗೆ ಮನಸ್ಸು ಬರುವುದಿಲ್ಲ. ಕೊಟ್ಟದ್ದು ಬೋರ್ಡು, ಆಮೇಲೆ ಬಂದವರು ಇಳಿಸಹೊರಟದ್ದೂ ಬೋರ್ಡು. ನಡುವೆ ದುಡ್ಡು ಕೊಡುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ದುಡ್ಡಿನ ಒಳಸುಳಿ ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಅದನ್ನು ತಿಳಿಯದೆ ನಾವು ವಿವಿಗಳನ್ನು ಸೋಮಾರಿ ಎಂದು ಬೈಯುತ್ತೇವೆ. ನಮ್ಮ ವಿಶ್ವವಿದ್ಯಾಲಯಗಳ ಸ್ವಂತ ಆದಾಯ ಎಂದರೆ ಕಾಲೇಜುಗಳ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ. ಮೈಸೂರು ವಿವಿಯಿಂದ ಮಂಡ್ಯ, ಹಾಸನ, ಚಾಮರಾಜನಗರದ ಕಾಲೇಜುಗಳನ್ನು ಕಿತ್ತು ಬೇರೆ ಮಾಡಿದ ದಿನ ಆ ಆದಾಯವೂ ಅವುಗಳ ಜೊತೆ ಹೋಯಿತು. ಆದರೆ ನಿವೃತ್ತರು ಹಳೇ ವಿವಿಯ ಪಟ್ಟಿಯಲ್ಲೇ ಉಳಿದರು. ಅವರ ಪಿಂಚಣಿಯಲ್ಲಿ ಒಂದು ಪಾಲನ್ನು 'ಆಂತರಿಕ ಸಂಪನ್ಮೂಲ'ದಿಂದ ತುಂಬಿಕೊಳ್ಳಿ ಎಂದು ಸರ್ಕಾರ ಹೇಳುತ್ತದೆ. ಎಲ್ಲಿಂದ? ಹೀಗಾಗಿ ಮೂವತ್ತು ವರ್ಷ ಪಾಠ ಮಾಡಿದವರು ಧಾರವಾಡದಲ್ಲಿ ಪಿಂಚಣಿಗಾಗಿ ಧರಣಿ ಕೂತರು. ಇತ್ತ ಹೊಸ ವಿವಿಗೆ ಕಾಲೇಜುಗಳು ಕಡಿಮೆ, ಶುಲ್ಕ ಕಡಿಮೆ, ಖಾಯಂ ಮೇಷ್ಟ್ರುಗಳು ಬೆರಳೆಣಿಕೆ. ಒಂದು ಬಡ ಮನೆಯನ್ನು ಎರಡು ಬಡ ಮನೆ ಮಾಡಿ, ಎರಡೂ ದಂಡ ಎನ್ನುವ ಲೆಕ್ಕ ಇದು.

ಹೋದ ವರ್ಷ ಇಂಥದೊಂದು ಆವರಣದಲ್ಲಿ ಅರ್ಧ ದಿನ ಕಳೆದೆ. ಯಾವುದೆಂದು ಹೇಳಿದರೆ ಮಾತಾಡಿದವರಿಗೆ ತೊಂದರೆ. ವಿಭಾಗದಲ್ಲಿ ಇದ್ದವರೆಲ್ಲ ಅತಿಥಿ ಉಪನ್ಯಾಸಕರು. ಪಿಎಚ್.ಡಿ. ಮಾಡಿಕೊಂಡ ನಲವತ್ತರ ಆಸುಪಾಸಿನ ಒಬ್ಬರು ಚಹಾ ಕುಡಿಯುತ್ತ ಹೇಳಿದರು: "ನಮ್ದು ಹತ್ತು ತಿಂಗಳ ನೌಕರಿರೀ ಸರ್. ಉಳಿದ ಎರಡು ತಿಂಗಳು ನೌಕರಿಗೆ ರಜೆ ಐತಿ, ಹೊಟ್ಟಿಗಿಲ್ಲ." ಪಕ್ಕದ ಕೊಠಡಿಯಲ್ಲಿ ಎಂ.ಕಾಂ. ಓದುವ ಹುಡುಗಿ ಒಬ್ಬಳು ಇದ್ದಳು. ದಿನಾ ಕೆಂಪು ಬಸ್ಸಿನಲ್ಲಿ ಬರುತ್ತಾಳೆ, ಟಿಕೆಟ್ ಶೂನ್ಯ. "ದೂರ ಹಾಸ್ಟೆಲಿಗೆ ಕಳ್ಸೂದಿಲ್ಲ ಅಂದ್ರು ಮನ್ಯಾಗ. ಇಲ್ಲಾದ್ರ ಸಂಜೀಕ ಮನೀಗೆ ಹೋಗ್ತೀನಿ" ಎಂದಳು. ಉದಾಹರಣೆಗೆ, ಹಾವೇರಿಯಿಂದ ಧಾರವಾಡಕ್ಕೆ ನೂರು ಕಿಲೋಮೀಟರಿನ ಹತ್ತಿರ ಹತ್ತಿರ. ನಕ್ಷೆಯಲ್ಲಿ ಅದು ಏನೂ ಅಲ್ಲ. ಮಗಳನ್ನು ಕಳಿಸುವ ಅಪ್ಪನಿಗೆ ಅದು ಬಹಳ.

ಸರ್ಕಾರದ ಗ್ಯಾರಂಟಿ ಯೋಜನೆಗಳಿಂದಲೇ ವಿವಿಗಳಿಗೆ ದುಡ್ಡಿಲ್ಲ ಎಂದು ವಾದಿಸುವವರ ಜೊತೆ ನಾನಿಲ್ಲ. 2023ರ ಜೂನ್‌ನಲ್ಲಿ ಶುರುವಾದ 'ಶಕ್ತಿ' ಬಸ್ಸೇ ಈ ಹುಡುಗಿಯನ್ನು ತರಗತಿಗೆ ತಂದು ಬಿಟ್ಟದ್ದು. ಅದು ಒಳ್ಳೆಯ ಯೋಜನೆ. ಬಸ್ಸು ಪುಕ್ಕಟೆ ಕೊಟ್ಟ ಸರ್ಕಾರ, ಬಸ್ಸು ಇಳಿಯುವ ಕಡೆ ಖಾಯಂ ಮೇಷ್ಟ್ರನ್ನು ಕೊಡುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಪದವಿ ಪಡೆದೂ ಕೆಲಸ ಸಿಗದವರಿಗೆ 'ಯುವನಿಧಿ'ಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುವ ಸರ್ಕಾರವೂ ಇದೇ. ಪಾಠ ಮಾಡುವವನೂ ಅರೆನಿರುದ್ಯೋಗಿ, ಪಾಠ ಕೇಳಿದವನೂ ನಿರುದ್ಯೋಗಿ ಆಗುವ ವ್ಯವಸ್ಥೆಯನ್ನು ಹಾಗೇ ಬಿಟ್ಟು, ಕೊನೆಯಲ್ಲಿ ಭತ್ಯೆ ಹಂಚುವುದು ದುಬಾರಿ ದಾರಿ. 2025-26ರ ಬಜೆಟ್ ಗಾತ್ರ 4.09 ಲಕ್ಷ ಕೋಟಿ. ಇಷ್ಟು ದೊಡ್ಡ ಮನೆಯಲ್ಲಿ ಮೇಷ್ಟ್ರ ಸಂಬಳಕ್ಕೆ ಜಾಗವಿಲ್ಲ ಎನ್ನುವುದನ್ನು ಬಡತನ ಎನ್ನಲಾರೆ. ಅದು ಆಯ್ಕೆ.

"ವಿಲೀನವಾದರೆ ತರಗತಿಗಳೇನೂ ನಿಲ್ಲುವುದಿಲ್ಲವಲ್ಲ?" ಎಂದು ಮಂತ್ರಿಗಳ ಕಡೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೋರ್ಡಿಗಾಗಿ ಅಳುವವನು ನಾನಲ್ಲ. ವಿಲೀನ ಮಾಡಿ ದುಪ್ಪಟ್ಟು ಹುದ್ದೆ ತುಂಬುತ್ತೇವೆ ಎಂದಿದ್ದರೆ ಈ ಲೇಖನ ಬರೆಯುತ್ತಲೇ ಇರಲಿಲ್ಲ. ಆದರೆ ಸ್ನಾತಕೋತ್ತರ ಕೇಂದ್ರವಾಗಿ ಇವು ವರ್ಷಗಟ್ಟಲೆ ಇದ್ದವು, ಆಗ ಏನು ಸಿಕ್ಕಿತ್ತು ಎಂಬುದು ಎಲ್ಲರಿಗೂ ಗೊತ್ತು: ದೂರದ ಕುಲಸಚಿವರ ಮೇಜಿನ ಮೇಲೆ ಉಳಿದ ಫೈಲು. ತನ್ನ ಜಿಲ್ಲೆಗೆ ಏನು ಓದಿಸಬೇಕು ಎಂದು ತಾನೇ ತೀರ್ಮಾನಿಸುವ ಅಧಿಕಾರ ಕೇಂದ್ರಕ್ಕೆ ಇರಲಿಲ್ಲ. ಬ್ಯಾಡಗಿ ಎಪಿಎಂಸಿಯನ್ನೇ ನೋಡಿ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಬಿದ್ದು ರೈತರು ಸಿಟ್ಟಿಗೆದ್ದು ಕಚೇರಿಗೆ, ವಾಹನಗಳಿಗೆ ಬೆಂಕಿ ಹಾಕಿದರು. ದೇಶಕ್ಕೆಲ್ಲ ಹೆಸರಾದ ಈ ಮಾರುಕಟ್ಟೆ ಇರುವುದು ಹಾವೇರಿ ಜಿಲ್ಲೆಯಲ್ಲಿ. ಅದರ ಆವಕ, ದರ, ಶೀತಲಗೃಹದ ದಾಸ್ತಾನು, ದಲ್ಲಾಳಿಗಳ ಲೆಕ್ಕವನ್ನು ವರ್ಷವಿಡೀ ಕೂತು ಓದುವ ನಾಲ್ಕು ಜನ ಅರ್ಥಶಾಸ್ತ್ರಜ್ಞರು ಅದೇ ಜಿಲ್ಲೆಯ ವಿವಿಯಲ್ಲಿ ಇರಬೇಕಾದದ್ದು ಸಹಜ ಅಲ್ಲವೇ? ಹತ್ತು ತಿಂಗಳ ಮೇಷ್ಟ್ರಿಂದ ಅದು ಆಗದು. ಅವರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ.

ವಿಶ್ವವಿದ್ಯಾಲಯವನ್ನು ಖರ್ಚಿನ ಬಾಬ್ತು ಎಂದು ನೋಡುವುದು ಈ ನಾಡಿನ ಹಳೆಯ ಚಾಳಿಯೂ ಅಲ್ಲ. ಕನ್ನಂಬಾಡಿ ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, ಮೈಸೂರು ಬ್ಯಾಂಕ್ 1913ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1916ರ ಜುಲೈನಲ್ಲಿ, ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ನಾಲ್ವಡಿಯವರ ಅರಮನೆ ಮತ್ತು ವಿಶ್ವೇಶ್ವರಯ್ಯನವರ ದಿವಾನಗಿರಿಗೆ ಅಣೆಕಟ್ಟೆ, ಬ್ಯಾಂಕು, ವಿವಿ ಒಂದೇ ಯೋಜನೆಯ ಭಾಗಗಳು. ಅಣೆಕಟ್ಟೆಯ ಲಾಭ ಅಣೆಕಟ್ಟೆಯಲ್ಲಿ ಕಾಣಲಿಲ್ಲ, ಮಂಡ್ಯದ ಗದ್ದೆಯಲ್ಲಿ ಕಂಡಿತು. ಅದೇ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು; ಹಳೇ ಮೈಸೂರಿನ ಮಳೆಯಾಶ್ರಿತ ಹೊಲಗಳ ಇಳುವರಿಯ ಚರಿತ್ರೆ ಅಲ್ಲಿಂದ ಬೇರೆ.

ರಾಜ್ಯದ ಆರ್ಥಿಕತೆಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಇವತ್ತು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಖಾಸಗಿ ವಿವಿಗಳು ತಾವಾಗಿ ತಾಲ್ಲೂಕುಗಳಿಗೆ ಬರುತ್ತವೆಂದು ಕಾಯುವುದು ವ್ಯರ್ಥ. ಶುಲ್ಕ ಕಟ್ಟಬಲ್ಲವರು ಇರುವ ಕಡೆ ಅವು ಹೋಗುತ್ತವೆ, ಅದು ಅವುಗಳ ಧರ್ಮ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು. ಆ ನಂಜುಂಡಪ್ಪನವರು ಕರ್ನಾಟಕ ವಿವಿಗೂ ಬೆಂಗಳೂರು ವಿವಿಗೂ ಕುಲಪತಿಯಾಗಿದ್ದವರು. ರಾಜ್ಯಕ್ಕೆ ತನ್ನ ಬಡತನದ ನಕ್ಷೆಯನ್ನು ಬಿಡಿಸಿಕೊಟ್ಟವರೂ ಸಾರ್ವಜನಿಕ ವಿವಿಯ ಮನುಷ್ಯರೇ.

ವಿವಿಗಳ ಪರ ಇಷ್ಟು ಬರೆದವನು ಅವುಗಳ ಪಾಪವನ್ನೂ ಹೇಳಬೇಕು. ನನ್ನ ಒಂದು ಮಾರ್ಕ್ಸ್ ಕಾರ್ಡಿಗಾಗಿ ನಾಲ್ಕು ಸಲ ಅಲೆದಿದ್ದೇನೆ. ಐದನೇ ಸಲ ಕೊಟ್ಟಾಗ ಅಪ್ಪನ ಹೆಸರು ತಪ್ಪಿತ್ತು. ಕುಲಪತಿ ಹುದ್ದೆಗೆ ಜಾತಿ ಮತ್ತು ದುಡ್ಡಿನ ಲಾಬಿ ನಡೆಯುತ್ತದೆಂಬ ಆರೋಪ ಕೇಳದ ಕಿವಿ ಈ ರಾಜ್ಯದಲ್ಲಿಲ್ಲ. ಇವನ್ನೆಲ್ಲ ಸರಿಮಾಡಿ, ಲೆಕ್ಕ ಕೇಳಿ, ತಪ್ಪಿದವರನ್ನು ಮನೆಗೆ ಕಳಿಸಿ. ಆದರೆ ಕೊಟ್ಟಿದ್ದರೆ ತಾನೇ ಲೆಕ್ಕ ಕೇಳುವುದು?

ಹಾಗಾಗಿ ಕೇಳುವುದು ಇಷ್ಟೇ. ಪಿಂಚಣಿಯನ್ನು ಪೂರ್ತಿ ಸರ್ಕಾರವೇ ಹೊರಲಿ. ಪ್ರತಿ ಜಿಲ್ಲಾ ವಿವಿಗೆ ಹದಿನೈದು ವಿಭಾಗ ಬೇಡ. ಆ ಜಿಲ್ಲೆಗೆ ಬೇಕಾದ ನಾಲ್ಕೈದು ವಿಭಾಗಗಳಿಗೆ ಖಾಯಂ ಮೇಷ್ಟ್ರುಗಳು ಬರಲಿ. ಬೋರ್ಡಿನ ಮೇಲೆ ಯಾರ ಹೆಸರು ಬೇಕಾದರೂ ಇರಲಿ. ಮುಂದಿನ ಮಾರ್ಚ್‌ನಲ್ಲಿ ಬಜೆಟ್ ಪುಸ್ತಕ ಬಂದಾಗ ನಾನು ಭಾಷಣದ ಪುಟಗಳನ್ನು ದಾಟಿ ಉನ್ನತ ಶಿಕ್ಷಣದ ಬಾಬ್ತಿನಲ್ಲಿ ಖಾಯಂ ಹುದ್ದೆಗಳಿಗೆ ಎಷ್ಟಿಟ್ಟಿದ್ದಾರೆಂದು ಮೊದಲು ನೋಡುತ್ತೇನೆ. ಆ ಎಂ.ಕಾಂ. ಹುಡುಗಿ ಬಸ್ಸು ಹತ್ತುವ ಮುಂಚೆ ಕೇಳಿದ ಪ್ರಶ್ನೆಗೆ ಅಲ್ಲಿದ್ದ ನಾವ್ಯಾರೂ ಉತ್ತರ ಕೊಟ್ಟಿರಲಿಲ್ಲ: "ಸರ್, ನಮ್ಮ ಸರ್ಟಿಫಿಕೇಟ್ ಯಾವ ಯೂನಿವರ್ಸಿಟಿ ಹೆಸರಿನ್ಯಾಗ ಬರ್ತೈತಿ?"