ಗಣಿತದ ಲಿಪಿ

ಕರಿಹಲಗೆಯ ಮೇಲೆ 8 + 4 = □ + 5 ಎಂದು ಬರೆದು, ಚೌಕದೊಳಗೆ ಇರಬೇಕಾದ ಸಂಖ್ಯೆ ಯಾವುದೆಂದು ಕೇಳಿದರೆ, ಅನೇಕ ವಿದ್ಯಾರ್ಥಿಗಳು ಹಿಂದುಮುಂದು ನೋಡದೆ 12 ಎಂದುಬಿಡುತ್ತಾರೆ. ಮತ್ತೆ ಕೆಲವರು ಕಂಡದ್ದನ್ನೆಲ್ಲ ಕೂಡಿ 17 ಎನ್ನುತ್ತಾರೆ. ಸರಿಯಾದ ಉತ್ತರ 7. ತಪ್ಪು ಹೇಳಿದವರಿಗೆ ಕೂಡುವುದು ಬಾರದೆಂದಲ್ಲ. ಎಂಟಕ್ಕೆ ನಾಲ್ಕು ಸೇರಿದರೆ ಹನ್ನೆರಡೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಅವರಿಗೆ ತಿಳಿಯದೆ ಉಳಿದಿರುವುದು ನಡುವೆ ನಿಂತಿರುವ ಎರಡು ಪುಟ್ಟ ಗೆರೆಗಳ ಅರ್ಥ. ಆ ಚಿಹ್ನೆ ‘ಇನ್ನು ಉತ್ತರವನ್ನು ಬರೆ’ ಎಂಬ ಅಪ್ಪಣೆಯಲ್ಲ. ‘ಎಡಗಡೆ ಇರುವುದೂ ಬಲಗಡೆ ಇರುವುದೂ ಒಂದೇ ತೂಕದವು’ ಎಂಬ ಹೇಳಿಕೆ ಅದು. ತಕ್ಕಡಿಯ ಒಂದು ತಟ್ಟೆಯಲ್ಲಿ ಹನ್ನೆರಡು ಇದ್ದರೆ, ಇನ್ನೊಂದರಲ್ಲಿಯೂ ಹನ್ನೆರಡೇ ಇರಬೇಕು.

ಗಣಿತವು ಕಠಿಣವೆಂದೂ, ಅದು ಕೆಲವರ ತಲೆಗೆ ಮಾತ್ರ ಹತ್ತುವ ವಿದ್ಯೆಯೆಂದೂ ಹೇಳುವುದು ವಾಡಿಕೆಯಾಗಿದೆ. ಹದಿನಾಲ್ಕು ವರ್ಷದ ಹುಡುಗನೊಬ್ಬ, ಹುಡುಗಿಯೊಬ್ಬಳು ‘ನನಗೆ ಲೆಕ್ಕ ಬಾರದು’ ಎಂದು ತೀರ್ಮಾನಿಸಿದರೆ, ಆ ತೀರ್ಮಾನ ಅವರ ಓದನ್ನೂ ಮುಂದಿನ ಬದುಕನ್ನೂ ಹಿಂಬಾಲಿಸುತ್ತದೆ. ಆದರೆ ಅನೇಕರ ವಿಷಯದಲ್ಲಿ ಈ ತೀರ್ಪು ಅನ್ಯಾಯವಾದದ್ದು. ಲಿಪಿಯನ್ನು ಕಲಿಸದೆ ಒಬ್ಬನ ಕೈಗೆ ಕುಮಾರವ್ಯಾಸನ ಕಾವ್ಯವನ್ನು ಕೊಟ್ಟು, ಅವನು ಓದಲಾರದೆ ಹೋದಾಗ ‘ಇವನಿಗೆ ಕಾವ್ಯದ ರುಚಿಯಿಲ್ಲ’ ಎಂದರೆ ಹೇಗೋ, ಇದೂ ಹಾಗೆಯೇ. ಗಣಿತಕ್ಕೂ ಒಂದು ಲಿಪಿಯುಂಟು. ಅದರ ಪ್ರತಿಯೊಂದು ಚಿಹ್ನೆಗೂ ಅರ್ಥವುಂಟು. ಆ ಅರ್ಥವನ್ನು ತಿಳಿಯದೆ ಚಿಹ್ನೆಗಳನ್ನು ಬರಿದೇ ಉರುಹೊಡೆಯುವುದರಿಂದಲೇ ಗಣಿತದ ಭಯ ಬಹುಮಟ್ಟಿಗೆ ಹುಟ್ಟುತ್ತದೆ.

ಈ ಚಿಹ್ನೆಗಳು ಆಕಾಶದಿಂದ ಉದುರಿದವಲ್ಲ. ಮನುಷ್ಯರು ತಮ್ಮ ಅನುಕೂಲಕ್ಕಾಗಿ ಮಾಡಿಕೊಂಡವು. ವೇಲ್ಸ್ ದೇಶದ ರಾಬರ್ಟ್ ರೆಕಾರ್ಡ್ ಎಂಬ ವೈದ್ಯನು 1557ರಲ್ಲಿ ತನ್ನ ಬೀಜಗಣಿತದ ಗ್ರಂಥದಲ್ಲಿ ಸಮ ಚಿಹ್ನೆಯನ್ನು ಮೊದಲು ಬಳಸಿದನು. ‘ಇದಕ್ಕೆ ಇದು ಸಮ’ ಎಂಬ ಮಾತನ್ನು ಮತ್ತೆ ಮತ್ತೆ ಬರೆಯುವ ಬೇಸರವನ್ನು ತಪ್ಪಿಸಿಕೊಳ್ಳುವುದೇ ಅವನ ಉದ್ದೇಶವಾಗಿತ್ತು. ಒಂದೇ ಉದ್ದದ ಎರಡು ಸಮಾಂತರ ರೇಖೆಗಳಿಗಿಂತ ಹೆಚ್ಚು ಸಮವಾದದ್ದು ಬೇರೊಂದಿಲ್ಲವೆಂದು ಅವನು ಕಾರಣವನ್ನೂ ಕೊಟ್ಟನು. ಕೂಡುವ ಮತ್ತು ಕಳೆಯುವ ಚಿಹ್ನೆಗಳು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 1489ರಲ್ಲಿ, ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಪ್ರಕಟವಾದ ಯೋಹಾನ್ ವಿಡ್‌ಮನ್ನನ ವ್ಯಾಪಾರ ಗಣಿತದ ಪುಸ್ತಕದಲ್ಲಿ. ಗುಣಾಕಾರದ × ಚಿಹ್ನೆಯನ್ನು ಇಂಗ್ಲೆಂಡಿನ ವಿಲಿಯಂ ಆಟ್ರೆಡ್ 1631ರಲ್ಲಿ ರೂಢಿಗೆ ತಂದನು. ಅದೇ ವರ್ಷ ಅಚ್ಚಾದ ಥಾಮಸ್ ಹ್ಯಾರಿಯಟ್ಟನ ಗ್ರಂಥದಲ್ಲಿ ‘ಹೆಚ್ಚು’, ‘ಕಡಿಮೆ’ ಎಂಬುದನ್ನು ತಿಳಿಸುವ > ಮತ್ತು < ಚಿಹ್ನೆಗಳು ಬಂದವು. ಆ ವೇಳೆಗೆ ಗ್ರಂಥಕರ್ತನು ತೀರಿಕೊಂಡು ಹತ್ತು ವರ್ಷಗಳಾಗಿದ್ದವು.

ಚಿಹ್ನೆ ಬರಿಯ ಒಪ್ಪಂದ, ಅರ್ಥವೇ ಮುಖ್ಯ ಎಂಬುದಕ್ಕೆ ಭಾರತದ ಒಂದು ಹಳೆಯ ಹಸ್ತಪ್ರತಿ ಸೊಗಸಾದ ನಿದರ್ಶನವನ್ನು ಒದಗಿಸುತ್ತದೆ. ಪೇಷಾವರದ ಬಳಿಯ ಬಕ್ಷಾಲಿ ಎಂಬ ಹಳ್ಳಿಯಲ್ಲಿ 1881ರಲ್ಲಿ ದೊರೆತ ಭೂರ್ಜಪತ್ರದ ಗ್ರಂಥದಲ್ಲಿ, ಸಂಖ್ಯೆಯ ಮುಂದೆ + ಗುರುತನ್ನು ಹಾಕಿದರೆ ಅದು ಋಣ ಸಂಖ್ಯೆ ಎಂದು ಅರ್ಥ! ಇಂದಿನ ಧನ ಚಿಹ್ನೆ ಅಲ್ಲಿ ಋಣವನ್ನು ಸೂಚಿಸುತ್ತಿತ್ತು. ಒಪ್ಪಂದ ಬೇರೆಯಾಗಿತ್ತು, ಗಣಿತ ಬೇರೆಯಾಗಿರಲಿಲ್ಲ. ಆದರೆ ಒಪ್ಪಂದವನ್ನು ಒಮ್ಮೆ ಮಾಡಿಕೊಂಡ ಮೇಲೆ ಅದಕ್ಕೆ ನಿಷ್ಠೆಯಿಂದ ನಡೆಯಬೇಕು. ಐದಕ್ಕೆ ಮೂರನ್ನು ಕೂಡಿ, ಬಂದದ್ದನ್ನು ಎರಡರಿಂದ ಗುಣಿಸುವಾಗ 5 + 3 = 8 × 2 = 16 ಎಂದು ಬರೆಯುವ ಅಭ್ಯಾಸ ಹಲವರಲ್ಲಿದೆ. ಕೊನೆಯ ಉತ್ತರ ಸರಿ. ಆದರೆ ಬರೆದ ವಾಕ್ಯವು ಐದು ಮತ್ತು ಮೂರು ಸೇರಿದರೆ ಹದಿನಾರು ಎಂದು ಸಾರುತ್ತದೆ, ಅದು ಸುಳ್ಳು. ಬಾಯಲ್ಲಿ ಸುಳ್ಳು ಹೇಳಬಾರದೆಂದು ಕಲಿಯುವ ವಿದ್ಯಾರ್ಥಿಯು ಲೆಕ್ಕದ ಪುಸ್ತಕದಲ್ಲಿಯೂ ಅದನ್ನು ಬರೆಯಬಾರದು.

ಸಮ ಚಿಹ್ನೆಯಷ್ಟೇ ತೊಡಕನ್ನು ಉಂಟುಮಾಡುವುದು ಋಣ ಚಿಹ್ನೆ. ಅದು ಒಂದೇ ವೇಷದಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ. 7 − 2 ಎಂಬಲ್ಲಿ ಅದು ಕಳೆಯುವ ಕ್ರಿಯೆ. −2 ಎಂಬಲ್ಲಿ ಸಂಖ್ಯೆಯ ಸ್ವಭಾವ. ‘ಋಣ’ ಎಂಬ ಹೆಸರೇ ಇದನ್ನು ವಿವರಿಸುತ್ತದೆ: ಋಣವೆಂದರೆ ಸಾಲ, ಧನವೆಂದರೆ ಸಂಪತ್ತು. ಬ್ರಹ್ಮಗುಪ್ತನು 628ರಲ್ಲಿ ಬರೆದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ, ಶೂನ್ಯಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದನು. ಎರಡು ಋಣಗಳ ಗುಣಲಬ್ಧವು ಧನವೆಂಬ ನಿಯಮವೂ ಅವುಗಳಲ್ಲಿ ಒಂದು. ಇದಾಗಿ ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ, 1758ರಲ್ಲಿ, ಇಂಗ್ಲೆಂಡಿನ ಫ್ರಾನ್ಸಿಸ್ ಮಾಸೆರೆಸ್ ಎಂಬ ವಿದ್ವಾಂಸನು ಋಣ ಸಂಖ್ಯೆಗಳನ್ನು ಬೀಜಗಣಿತದಿಂದ ಹೊರಗಿಡಬೇಕೆಂದು ಒಂದು ಗ್ರಂಥವನ್ನೇ ಬರೆದನು. ಪಂಡಿತರನ್ನೇ ಕಾಡಿದ ಸಂದೇಹವು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯನ್ನು ಕಾಡಿದರೆ ನಾಚಿಕೆಪಡಬೇಕಾದದ್ದೇನೂ ಇಲ್ಲ. ಸಂದೇಹವನ್ನು ಅದುಮಿಟ್ಟು ಸೂತ್ರವನ್ನು ಬಾಯಿಪಾಠ ಮಾಡುವುದೇ ನಷ್ಟ.

ಆ ಸಂದೇಹಕ್ಕೆ ಸಮಾಧಾನ ದೂರವಿಲ್ಲ. −2ನ್ನು 3ರಿಂದ ಗುಣಿಸಿದರೆ −6. 2ರಿಂದ ಗುಣಿಸಿದರೆ −4. 1ರಿಂದ ಗುಣಿಸಿದರೆ −2. ಸೊನ್ನೆಯಿಂದ ಗುಣಿಸಿದರೆ 0. ಗುಣಕವು ಒಂದೊಂದು ಮೆಟ್ಟಿಲು ಇಳಿದಂತೆಲ್ಲ ಉತ್ತರವು ಎರಡೆರಡು ಏರುತ್ತಿದೆ. ಮುಂದಿನ ಗುಣಕ −1. ಏರುವ ಕ್ರಮ ಕೆಡಬಾರದೆಂದರೆ ಉತ್ತರವು +2 ಆಗಲೇಬೇಕು. ಇಷ್ಟನ್ನು ಕಂಡುಕೊಂಡವನಿಗೆ ನಿಯಮವು ಯಾರದೋ ಆಜ್ಞೆಯಾಗಿ ಉಳಿಯುವುದಿಲ್ಲ. ತಾನೇ ಕಟ್ಟಿದ ಮನೆಯಾಗುತ್ತದೆ.

ದೊಡ್ಡವರು ಎಡವಿದ ಸ್ಥಳಗಳೂ ಉಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಕರ್ನಾಟಕದ ಹೆಮ್ಮೆಯ ಗಣಿತಜ್ಞ. ಋಣ ಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದನು. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇಂದಿಗೂ ನಿಜ. ಅದೇ ಮಹಾವೀರನು ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದೂ ಹೇಳಿದನು, ಇದು ತಪ್ಪು. 12ನ್ನು ಸೊನ್ನೆಯಿಂದ ಭಾಗಿಸಿದಾಗ ಬರುವ ಉತ್ತರವನ್ನು ಮತ್ತೆ ಸೊನ್ನೆಯಿಂದ ಗುಣಿಸಿದರೆ 12 ಬರಬೇಕಲ್ಲವೆ? ಅಂತಹ ಸಂಖ್ಯೆಯೇ ಇಲ್ಲ. ಹಿರಿಯರನ್ನು ಗೌರವಿಸುತ್ತಲೇ ಅವರ ಮಾತನ್ನು ಪರೀಕ್ಷಿಸಲು ಗಣಿತವು ಎಲ್ಲರಿಗೂ ಹಕ್ಕನ್ನು ಕೊಟ್ಟಿದೆ.

ಸಂಖ್ಯೆಗಳ ಬಗೆಗಳನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಅವು ಪರೀಕ್ಷೆಗಾಗಿ ಮಾಡಿದ ಪಟ್ಟಿಯಲ್ಲ. ಇದ್ದ ಸಂಖ್ಯೆಗಳಿಂದ ಉತ್ತರ ದೊರೆಯದಿದ್ದಾಗ ಮನುಷ್ಯನು ಒಂದೊಂದಾಗಿ ತೆರೆದ ಬಾಗಿಲುಗಳು. ಕುರಿಗಳನ್ನು ಎಣಿಸಲು ಸ್ವಾಭಾವಿಕ ಸಂಖ್ಯೆಗಳು ಸಾಕು. ಮೂರರಿಂದ ಐದನ್ನು ಕಳೆಯಲು ಅವು ಸಾಲವು, ಪೂರ್ಣಾಂಕಗಳು ಬೇಕು. ಮೂರು ರೊಟ್ಟಿಗಳನ್ನು ಐದು ಜನರಿಗೆ ಹಂಚಲು ಪೂರ್ಣಾಂಕಗಳೂ ಸಾಲವು. ಭಾಗಲಬ್ಧ ಸಂಖ್ಯೆಗಳು ಬೇಕು. ಭಾಗದಿಂದ ಲಬ್ಧವಾದದ್ದು, ಎಂದರೆ ಒಂದು ಪೂರ್ಣಾಂಕವನ್ನು ಸೊನ್ನೆಯಲ್ಲದ ಇನ್ನೊಂದು ಪೂರ್ಣಾಂಕದಿಂದ ಭಾಗಿಸಿ ಪಡೆದದ್ದು ಭಾಗಲಬ್ಧ. ಹಾಗೆ ಪಡೆಯಲಾಗದ್ದು ಅಭಾಗಲಬ್ಧ. ಹೆಸರನ್ನು ಬಿಡಿಸಿದರೆ ವ್ಯಾಖ್ಯೆ ತಾನಾಗಿ ಕೈಗೆ ಬರುತ್ತದೆ.

ಒಂದು ಮೀಟರ್ ಬಾಹುವಿನ ಚೌಕದ ಕರ್ಣವನ್ನು ಅಳೆಯುವುದಾದರೆ ಅದರ ಉದ್ದ √2 ಮೀಟರ್. ಇದು ಒಂದು ಭಿನ್ನರಾಶಿ ಎಂದು ಭಾವಿಸಿ, ಅದನ್ನು ಇನ್ನು ಸಂಕ್ಷೇಪಿಸಲಾಗದ ರೂಪಕ್ಕೆ ತರೋಣವೆನ್ನಿ. ಅಂಶದ ವರ್ಗವು ಛೇದದ ವರ್ಗದ ಎರಡರಷ್ಟಾಗುವುದರಿಂದ ಅಂಶವು ಸಮಸಂಖ್ಯೆಯಾಗಬೇಕು. ಅದರಿಂದ ಛೇದವೂ ಸಮಸಂಖ್ಯೆಯಾಗಬೇಕಾಗುತ್ತದೆ. ಎರಡೂ ಸಮವಾದರೆ ಇನ್ನೂ ಎರಡರಿಂದ ಸಂಕ್ಷೇಪಿಸಬಹುದೆಂದಾಯಿತು. ಹೊರಟ ಮಾತೇ ಮುರಿಯಿತು. ಪ್ರಾಚೀನ ಗ್ರೀಕರು ಅರಿತಿದ್ದ ಈ ಸತ್ಯಕ್ಕೆ ಯಾವ ಉಪಕರಣವೂ ಬೇಡ, ಶುದ್ಧವಾದ ಆಲೋಚನೆ ಸಾಕು.

ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವಾದ ಪೈ ಕೂಡ ಅಭಾಗಲಬ್ಧವೇ. 1761ರಲ್ಲಿ ಲ್ಯಾಂಬರ್ಟ್ ಎಂಬ ಗಣಿತಜ್ಞನು ಇದನ್ನು ಸಾಧಿಸಿದನು. ಆದರೂ ಪೈಯ ಬೆಲೆ 22/7 ಎಂದು ಬರೆದು ಬರೆದು, ಅದೇ ಪೈ ಎಂದು ನಂಬಿದ ವಿದ್ಯಾರ್ಥಿಗಳು ಎಷ್ಟೋ ಮಂದಿ. 22/7 ಎಂಬುದು 3.142857 ಎಂದು ಸಾಗಿದರೆ, ಪೈ 3.141592 ಎಂದು ಸಾಗುತ್ತದೆ. ಮೂರನೆಯ ದಶಮಾಂಶ ಸ್ಥಾನದಲ್ಲಿಯೇ ಎರಡೂ ಬೇರೆಯಾಗುತ್ತವೆ. ಆರ್ಯಭಟನು 499ರಲ್ಲಿ ಇಪ್ಪತ್ತು ಸಾವಿರ ವ್ಯಾಸದ ವೃತ್ತಕ್ಕೆ 62,832 ಪರಿಧಿಯೆಂದು ಹೇಳಿ, ಅದು ‘ಆಸನ್ನ’, ಎಂದರೆ ಹತ್ತಿರದ ಬೆಲೆ, ಎಂದು ಎಚ್ಚರದಿಂದ ಸೇರಿಸಿದನು. ಆ ಒಂದು ಪದದಲ್ಲಿರುವ ಪ್ರಾಮಾಣಿಕತೆಯು ಪ್ರತಿಯೊಬ್ಬ ವಿದ್ಯಾರ್ಥಿಗೂ ಆದರ್ಶವಾಗಬೇಕು.

ಚಿಹ್ನೆಗಳ ಅರ್ಥವನ್ನು ಯೋಚಿಸುತ್ತ ಕುಳಿತರೆ ಲೆಕ್ಕ ಸಾಗುವುದಿಲ್ಲ, ಅಭ್ಯಾಸಬಲದಿಂದ ಕೈ ತಾನಾಗಿ ಓಡಬೇಕು ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮಗ್ಗಿಯನ್ನು ಕಲಿಯದವನು ಪ್ರತಿ ಹೆಜ್ಜೆಯಲ್ಲೂ ತಡವರಿಸುತ್ತಾನೆ. ಆದರೆ ಅರ್ಥವನ್ನು ಅರಿತು ಮಾಡಿದ ಅಭ್ಯಾಸ ಒಂದು ಬಗೆ. ಅರಿಯದೆ ಮಾಡಿದ ಅಭ್ಯಾಸ ಇನ್ನೊಂದು. ಪರಿಚಿತವಾದ ಲೆಕ್ಕ ಬಂದಾಗ ಎರಡರ ವ್ಯತ್ಯಾಸ ತೋರದು. ಪ್ರಶ್ನೆಯ ರೂಪ ಕೊಂಚ ಬದಲಾದೊಡನೆ ಎರಡನೆಯವನು ದಾರಿ ತಪ್ಪುತ್ತಾನೆ; ತಪ್ಪಿದ್ದಕ್ಕೆ ತನ್ನ ಬುದ್ಧಿಯನ್ನೇ ಹಳಿದುಕೊಳ್ಳುತ್ತಾನೆ. ಇನ್ನು ಗಣಿತದ ಅರ್ಥವನ್ನು ತಾಯಿನುಡಿಯಲ್ಲಿ ಹೇಳಲಾಗದೆಂಬ ಅನುಮಾನಕ್ಕೆ ಆಧಾರವಿಲ್ಲ. 12ನೆಯ ಶತಮಾನದಷ್ಟು ಹಿಂದೆಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ್ದಾನೆ.

ಆದುದರಿಂದ ವಿದ್ಯಾರ್ಥಿಯು ಗಣಿತದ ಪ್ರತಿಯೊಂದು ಸಾಲನ್ನೂ ಒಂದು ವಾಕ್ಯವೆಂದು ತಿಳಿದು ಬಾಯಿಬಿಟ್ಟು ಓದಬೇಕು. ‘ಈ ಚಿಹ್ನೆ ಏನನ್ನು ಹೇಳುತ್ತದೆ? ಅದು ಹೇಳುವುದು ನಿಜವೆ?’ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಉತ್ತರ ತೋಚದಿದ್ದರೆ ಅಧ್ಯಾಪಕರನ್ನು ಕೇಳಲು ಸಂಕೋಚಪಡಬಾರದು. ಕೇಳಿದವನನ್ನು ನೋಡಿ ಉಳಿದವರು ನಗಲೂಬಾರದು. ‘ಲೆಕ್ಕ ಬಾರದು’ ಎಂದು ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಳ್ಳುವ ಮೊದಲು, ಲೆಕ್ಕವನ್ನು ಓದಲು ಕಲಿತಿದ್ದೇನೆಯೆ ಎಂದು ಅವನು ಒಮ್ಮೆ ಪರೀಕ್ಷಿಸಿಕೊಳ್ಳಲಿ.