ತಲೆಯೊಡೆದವನಿಗೆ ಎಷ್ಟು ಶೇಕಡಾ?

2023ರ ಜನವರಿ 5ರಂದು ರಾಮದುರ್ಗ ತಾಲೂಕಿನ ಹುಲಕುಂದದ ಭಕ್ತರು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಕಾಲ್ನಡಿಗೆಯಿಂದ ಹೊರಟಿದ್ದರು. ದಾರಿಯಲ್ಲಿ ಸರಕು ಸಾಗಿಸುವ ಬೊಲೆರೋ ಗಾಡಿಯೊಂದು ಅವರನ್ನು ಹತ್ತಿಸಿಕೊಂಡಿತು. ಚುಂಚನೂರಿನ ಹತ್ತಿರ ಅದು ಆಲದ ಮರಕ್ಕೆ ಅಪ್ಪಳಿಸಿ ಆರು ಜನ ಸತ್ತರು. ಸತ್ತವರ ಸಂಖ್ಯೆ ಪತ್ರಿಕೆಗಳಲ್ಲಿ ಬಂತು. ಆದರೆ ಇಂಥ ಅಪಘಾತಗಳಲ್ಲಿ ತಲೆಗೆ ಪೆಟ್ಟು ತಿಂದು ಜೀವ ಉಳಿಸಿಕೊಂಡು ಮನೆಗೆ ಬಂದವರ ಲೆಕ್ಕವನ್ನು ಇಡುವವರು ಯಾರು?

ಮುರಗೋಡದ ಸಂತೆಯಲ್ಲಿ ಕೂಡ್ರುವ ವ್ಯಾಪಾರಿಯಾಗಲಿ, ಬೈಲಹೊಂಗಲದ ಹತ್ತಿ ಗಿರಣಿಯ ಹಮಾಲನಾಗಲಿ, ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ತಲೆಯೊಡೆದುಕೊಂಡನೆಂದು ತಿಳಿಯಿರಿ. ಹೊಲಿಗೆ ಬಿಚ್ಚುತ್ತಾರೆ, ಕೂದಲು ಬೆಳೆಯುತ್ತದೆ. ಕೈಕಾಲು ನೆಟ್ಟಗಿವೆ. ಆದರೆ ಯಾರಿಗೆ ಉದ್ರಿ ಕೊಟ್ಟೆನೆಂಬುದು ನೆನಪಿಲ್ಲ. ಗಿರಾಕಿಯ ಮೇಲೆ ಸುಮ್ಮನೆ ಸಿಟ್ಟಿಗೇಳುತ್ತಾನೆ. ಚೀಲ ಹೊತ್ತರೆ ಕಣ್ಣು ಕತ್ತಲೆ. ಆರು ತಿಂಗಳಿಗೆ ಮೊದಲ ಸಲ ಮೂರ್ಛೆ ಬರುತ್ತದೆ. ಓಣಿಯವರು 'ಸೊಕ್ಕು ಬಂದದ' ಅನ್ನುತ್ತಾರೆ, ವಿಮಾ ಕಂಪನಿಯ ವಕೀಲ 'ಆರಾಮ ಆಗ್ಯಾನ' ಅನ್ನುತ್ತಾನೆ. ಹೆಂಡತಿಯೊಬ್ಬಳಿಗೇ ಗೊತ್ತು, ದವಾಖಾನೆಗೆ ಹೋದ ಮನುಷ್ಯ ತಿರುಗಿ ಬಂದಿಲ್ಲವೆಂಬುದು.

ಕಾಯಿದೆ ಈ ಮನುಷ್ಯನನ್ನು ಹೇಗೆ ನೋಡುತ್ತದೆ? 1923ರ ಕಾಮಗಾರರ ಪರಿಹಾರ ಕಾಯಿದೆಗೆ ಒಂದು ಪಟ್ಟಿಯನ್ನು ಜೋಡಿಸಿದ್ದರು. ಹೆಬ್ಬೆರಳು ಹೋದರೆ ಶೇಕಡಾ 30, ತೋರುಬೆರಳಿಗೆ 14, ಕಿರುಬೆರಳಿಗೆ 7. ಬೆರಳಿನ ಒಂದೊಂದು ಗಿಣ್ಣಿಗೂ ಬೇರೆ ಬೇರೆ ದರ. ಕಣ್ಣಿದೆ, ಕಿವಿಯಿದೆ, ಮುಖದ ವಿಕಾರವೂ ಇದೆ. ಮಿದುಳಿನ ಹೆಸರಿಲ್ಲ! ಮಾಲಕನಿಗೆ ಬೇಕಾದದ್ದು ಕೂಲಿಯವನ ಬೆರಳು ತಾನೆ, ಅವನಿಗೆ ತಲೆಯೂ ಇದ್ದೀತೆಂದು ಬ್ರಿಟಿಷ್ ಸರಕಾರಕ್ಕೆ ಹೊಳೆಯಲಿಲ್ಲವೆನ್ನೋಣ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಆ ಹಳೆಯ ಕಾಯಿದೆಯ ಜಾಗದಲ್ಲಿ ಕುಳಿತಿತು. ಬೆರಳಿನ ಗಣತಿ ಮಾತ್ರ ಹೊಸ ಪುಸ್ತಕದೊಳಗೂ ನಡೆದು ಬಂತು. ಪಟ್ಟಿಯಲ್ಲಿಲ್ಲದ ಗಾಯಕ್ಕೆ ಡಾಕ್ಟರರು ಬರೆದುಕೊಟ್ಟದ್ದೇ ಆಧಾರ. ಆ ಡಾಕ್ಟರರನ್ನು ಸಾಕ್ಷಿಗೆ ಕರೆತರುವ ಹೊರೆ ಗಾಯಾಳುವಿನದು.

ರಸ್ತೆಯ ಅಪಘಾತವಾದರೆ ದಾರಿ ಬೇರೆ: ಮೋಟಾರು ವಾಹನ ಕಾಯಿದೆಯ ಮೇರೆಗೆ ನ್ಯಾಯಮಂಡಳಿ. ಅಲ್ಲಿಯೂ ಶೇಕಡಾವಾರಿನ ಆಟವೇ. ಶಾಲೆಯ ಹಲಗೆಯ ಮೇಲೆ ವರುಷಗಟ್ಟಲೆ ಶೇಕಡಾ ಲೆಕ್ಕ ಬರೆಸಿದವನು ನಾನು, ಇದನ್ನೂ ಬರೆದು ತೋರಿಸುತ್ತೇನೆ. ವಯಸ್ಸು 38, ತಿಂಗಳ ದುಡಿಮೆ 10,000. ವರುಷಕ್ಕೆ 1,20,000. ಈ ವಯಸ್ಸಿಗೆ ಸುಪ್ರೀಂ ಕೋರ್ಟು 2009ರಲ್ಲಿ ನಿಗದಿ ಮಾಡಿದ ಗುಣಕ 15. ವೈದ್ಯಕೀಯ ಪತ್ರದಲ್ಲಿರುವ ಶೇಕಡಾ 30ನ್ನೇ ಹಿಡಿದರೆ 5,40,000 ರೂಪಾಯಿ. ಆದರೆ ಲೆಕ್ಕ ನೆನಪಿಡಲಾರದ ಅಂಗಡಿಕಾರ, ಮೂರ್ಛೆ ಬರುವ ಡ್ರೈವರ್ ದುಡಿಮೆಯನ್ನು ಕಳಕೊಂಡದ್ದು ಶೇಕಡಾ 30 ಅಲ್ಲ, ನೂರಕ್ಕೆ ನೂರು. ಆಗ 18,00,000. ನಡುವಿನ 12,60,000 ರೂಪಾಯಿ ಕಂಪನಿಯ ತಿಜೋರಿಯಲ್ಲಿ ಉಳಿಯುತ್ತದೆ. ಮುಂದಿನ ಏಳಿಗೆಯ ಬಾಬ್ತು ಕೂಡಿಸಬೇಕಾದದ್ದನ್ನು ನಾನಿನ್ನೂ ಹಿಡಿದೇ ಇಲ್ಲ.

ಇದು ನಮ್ಮ ಪಕ್ಷದ ವಾದವಷ್ಟೇ ಅಲ್ಲ. ದೇಹದ ಊನದ ಶೇಕಡಾ ಬೇರೆ, ದುಡಿಮೆಯ ನಷ್ಟದ ಶೇಕಡಾ ಬೇರೆ ಎಂದು ಸುಪ್ರೀಂ ಕೋರ್ಟು 2010ರ ಅಕ್ಟೋಬರಿನಲ್ಲಿಯೇ ಹೇಳಿದೆ. ಎಡಗೈ ಹೋದ ಬಡಿಗನನ್ನೂ ಎಡಗೈ ಹೋದ ಸರಕಾರಿ ಗುಮಾಸ್ತನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಅಲ್ಲಿಯ ಉದಾಹರಣೆ. ಕೂಲಿಯವನು ಪಗಾರದ ಚೀಟಿ ಎಲ್ಲಿಂದ ತಂದಾನು ಎಂಬ ಮಾತನ್ನೂ 2011ರಲ್ಲಿ ನಮ್ಮ ರಾಜ್ಯದ ಕೂಲಿಕಾರನೊಬ್ಬನ ಮೊಕದ್ದಮೆಯಲ್ಲಿ ಅದೇ ಕೋರ್ಟು ಒಪ್ಪಿತು. ತೀರ್ಪುಗಳಿವೆ. ಅವು ಸಂತೆಯ ತನಕ ಬಂದಿಲ್ಲ.

ಬಂದಿರುವುದು ರಾಜಿಯ ಕಾಗದ. ಮನೆಯಲ್ಲಿ ಸಾಲ, ಔಷಧದ ಖರ್ಚು, 'ಕೋರ್ಟಿಗೆ ಅಲೆದರೆ ಹತ್ತು ವರುಷ, ಇಂದೇ ಒಪ್ಪಿದರೆ ಚೆಕ್ಕು' ಎಂಬ ಸಿಹಿ ಮಾತು. ಲೋಕ ಅದಾಲತ್ತಿನಲ್ಲಿ ಒಪ್ಪಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲವೆಂಬುದನ್ನು ಆ ಮಾತಿನ ಜೊತೆಗೆ ಯಾರೂ ಹೇಳುವುದಿಲ್ಲ. 2007ರಲ್ಲಿ ಹರಿಯಾಣದ 12 ವರುಷದ ಹುಡುಗಿಯೊಬ್ಬಳಿಗೆ ಅಪಘಾತದಲ್ಲಿ ಮಿದುಳು ಕೆಟ್ಟಿತು. ಕೆಳಗಿನ ನ್ಯಾಯಮಂಡಳಿ ಕೊಟ್ಟದ್ದು 11 ಲಕ್ಷ ಚಿಲ್ಲರೆ, ಹೈಕೋರ್ಟು 25 ಲಕ್ಷ ದಾಟಿಸಿತು, 2020ರಲ್ಲಿ ಸುಪ್ರೀಂ ಕೋರ್ಟು 62,27,000 ಮಾಡಿತು. ಜೀವಮಾನವಿಡೀ ಅವಳನ್ನು ನೋಡಿಕೊಳ್ಳುವವರ ಕೂಲಿಯನ್ನೂ ಹಿಡಿಯಿತು. ನಮ್ಮಲ್ಲಿ ಆ ಕೆಲಸವನ್ನು ತಾಯಿಯೋ ಹೆಂಡತಿಯೋ ಪುಕ್ಕಟೆ ಮಾಡುತ್ತಾಳೆಂದು ಲೆಕ್ಕದಿಂದ ಬಿಟ್ಟುಬಿಡುವುದೇ ರೂಢಿ. ಹೌದು, ಹದಿಮೂರು ವರುಷ ಹಿಡಿಯಿತು. ಆ ವಿಳಂಬವೇ ಕಂಪನಿಗಳ ಬಂಡವಾಳ. ಹಸಿದವನು ಕಾಯಲಾರನೆಂಬುದನ್ನು ಅವರು ಬಲ್ಲರು.

ಇದರ ಮೇಲೆ ಇನ್ನೊಂದು ಬರೆ. 1994ರಲ್ಲಿ ತೆಗೆದು ಹಾಕಿದ್ದ ಕಾಲಮಿತಿಯನ್ನು 2019ರ ತಿದ್ದುಪಡಿಯಲ್ಲಿ ತಿರುಗಿ ತಂದರು. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರೇ ತಿಂಗಳು. ತನ್ನ ಮಗಳ ಹೆಸರನ್ನು ತಡಕಾಡುತ್ತಿರುವವನು ಆರು ತಿಂಗಳೊಳಗೆ ವಕೀಲನನ್ನು ಹುಡುಕಬೇಕಂತೆ! ತಡವಾಯಿತೆಂದು ಅರ್ಜಿ ವಜಾ ಮಾಡಕೂಡದೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿತು. ಅದು ಮಧ್ಯಂತರ ಆದೇಶ, ಅದನ್ನು ನೆಚ್ಚಿ ಕೂಡ್ರಬೇಡಿ. ಸರಕು ಗಾಡಿಯಲ್ಲಿ ಪುಕ್ಕಟೆ ಹತ್ತಿದ ಪ್ರಯಾಣಿಕನಿಗೆ ವಿಮಾ ಕಂಪನಿ ಜವಾಬ್ದಾರನಲ್ಲವೆಂಬ 2003ರ ತೀರ್ಪು ಬೇರೆ ಇದೆ. ಯಲ್ಲಮ್ಮನ ಹುಣ್ಣಿಮೆಗೆ ಸಾಕಷ್ಟು ಬಸ್ಸು ಬಿಡದ ಸರಕಾರವೇ, ಸರಕು ಗಾಡಿ ಹತ್ತಿದ್ದು ಬಡವನ ತಪ್ಪು ಅನ್ನುತ್ತದೆ.

ನಮ್ಮ ಬೇಡಿಕೆ ಇಷ್ಟು: ಪರಿಹಾರದ ಪಟ್ಟಿಯಲ್ಲಿ ಮಿದುಳಿನ ಗಾಯ ಸೇರಲಿ, ತಲೆಗೆ ಪೆಟ್ಟಾದವನಿಗೆ ಆರು ತಿಂಗಳ ಮಿತಿ ತೊಲಗಲಿ, ಜಿಲ್ಲಾ ದವಾಖಾನೆಯಲ್ಲಿಯೇ ನೆನಪು-ಬುದ್ಧಿಯ ಪರೀಕ್ಷೆ ನಡೆಯಲಿ. ಅದಾಗುವ ತನಕ ಮನೆಯವರು ದವಾಖಾನೆಯ ಪ್ರತಿ ಚೀಟಿಯನ್ನು, ಸ್ಕ್ಯಾನನ್ನು, ಪೊಲೀಸ್ ಫಿರ್ಯಾದಿಯ ನಕಲನ್ನು ಜೋಪಾನ ಮಾಡಲಿ. ಮರೆವು, ಸಿಟ್ಟು, ಮೂರ್ಛೆ ಯಾವ ದಿನ ಕಂಡಿತೆಂದು ವಹಿಯಲ್ಲಿ ಬರೆದಿಡಲಿ. ಧಾರವಾಡದ ಡಿಮ್ಹಾನ್ಸಿಗೋ ಬೆಂಗಳೂರಿನ ನಿಮ್ಹಾನ್ಸಿಗೋ ಹೋಗಿ ತೋರಿಸಲಿ. ಅಪಘಾತ ಎಲ್ಲಿಯೇ ಆಗಿರಲಿ, ತಾವಿರುವ ಊರಿನ ಸೀಮೆಯ ನ್ಯಾಯಮಂಡಳಿಗೇ ಅರ್ಜಿ ಹಾಕಬಹುದು. ಹೆಂಗಸರಿಗೆ, ದಲಿತರಿಗೆ, ಕಾರಖಾನೆಯ ಕಾಮಗಾರರಿಗೆ, ಅಂಗವಿಕಲರಿಗೆ ವಕೀಲರನ್ನು ಪುಕ್ಕಟೆ ಕೊಡಬೇಕಾದದ್ದು ತಾಲೂಕಾ ಕಾನೂನು ಸೇವಾ ಸಮಿತಿಯ ಕರ್ತವ್ಯ. ಅದರ ಬಾಗಿಲು ಸವದತ್ತಿಯಲ್ಲಿಯೂ ಬೈಲಹೊಂಗಲದಲ್ಲಿಯೂ ಕೋರ್ಟಿನ ಆವಾರದಲ್ಲಿಯೇ ಇದೆ. ರಾಜಿಯ ಕಾಗದ ಮುಂದೆ ಬಂದರೆ ಸಹಿ ಮಾಡುವ ಮೊದಲು ಅಲ್ಲಿ ಓದಿಸಿಕೊಳ್ಳಿ.